ದ್ರವ್ಯರಾಶಿ ರೋಹಿತಮಾಪಕ: ನಿರ್ವಾತ ಮತ್ತು ಅಯಾನು ಆಕರದ ನಿರ್ವಹಣೆಯ ಇತಿಹಾಸ

ದ್ರವ್ಯರಾಶಿ ರೋಹಿತಮಾಪಕ (ಮಾಸ್ ಸ್ಪೆಕ್ಟ್ರೋಮೀಟರ್) ಅಣುಗಳನ್ನು ಅಯಾನುಗಳಾಗಿ ಮಾಡಿ, ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತದ ಪ್ರಕಾರ ಬೇರ್ಪಡಿಸಿ ಎಣಿಸುವ ಉಪಕರಣ. ಅಯಾನು ತಾನು ಹುಟ್ಟಿದ ಆಕರದಿಂದ ಡಿಟೆಕ್ಟರಿನವರೆಗೆ ಬೇರೆ ಅಣುವಿಗೆ ಡಿಕ್ಕಿ ಹೊಡೆಯದೆ ಸಾಗಬೇಕು. 10⁻⁵ ಟಾರ್ ಒತ್ತಡದಲ್ಲಿ ಗಾಳಿಯ ಅಣು ಇನ್ನೊಂದಕ್ಕೆ ತಾಗುವ ಮುನ್ನ ಸರಾಸರಿ 5 ಮೀಟರಿನಷ್ಟು ಹೋಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಹಾಗಾಗಿ ಉಪಕರಣ ಕೈಕೊಟ್ಟಾಗ ಮೊದಲು ಅನುಮಾನಿಸಬೇಕಾದವು ನಿರ್ವಾತ ಮತ್ತು ಅಯಾನು ಆಕರ. ಆ ಎರಡರ ಕಾಯಿಲೆಯನ್ನೂ ಪತ್ತೆಹಚ್ಚುವ ಅತ್ಯುತ್ತಮ ಸಾಧನ ಉಪಕರಣವೇ ಆಗಿರುವುದು ಇದರ ಇತಿಹಾಸದ ವಿಶೇಷ.

ಇದರ ಆರಂಭವನ್ನು ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲೇ ಕಾಣಬಹುದು. ಜೆ.ಜೆ. ಥಾಮ್ಸನ್ ಧನಕಿರಣಗಳನ್ನು ಅಭ್ಯಸಿಸುವಾಗ, ದ್ರವ ಗಾಳಿಯಲ್ಲಿ ತಣಿಸಿದ ಇದ್ದಿಲಿನಿಂದ ಉಳಿಕೆ ಅನಿಲವನ್ನು ಹೀರಿಸುತ್ತಿದ್ದರು. ನಿಯಾನ್ ಅನಿಲವನ್ನು ಪರೀಕ್ಷಿಸಿದಾಗ ದ್ರವ್ಯರಾಶಿ 20ರ ರೇಖೆಯ ಪಕ್ಕದಲ್ಲಿ 22ರ ಮಸುಕು ರೇಖೆಯೊಂದು ಕಂಡಿತು. ಎರಡು ವಿದ್ಯುದಂಶ ಹೊತ್ತ ಕಾರ್ಬನ್ ಡೈಆಕ್ಸೈಡ್ ಕೂಡ ಅಲ್ಲೇ ಬೀಳುತ್ತದೆ, ಏಕೆಂದರೆ 44ರ ಅರ್ಧ 22. ಥಾಮ್ಸನ್ ಅನಿಲವನ್ನು ದ್ರವ ಗಾಳಿಯಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾಯಿಸಿದರು. ಕಾರ್ಬನ್ ಡೈಆಕ್ಸೈಡ್ ಅಲ್ಲೇ ಹೆಪ್ಪುಗಟ್ಟಿತು, 22ರ ರೇಖೆ ಮಾತ್ರ ಹಾಗೆಯೇ ಉಳಿಯಿತು. ಸ್ಥಿರ ಧಾತುವೊಂದಕ್ಕೂ ಸಮಸ್ಥಾನಿಗಳಿವೆ ಎಂಬ ಅರಿವಿಗೆ ದಾರಿಯಾದದ್ದು ಕಶ್ಮಲದ ಅನುಮಾನವನ್ನು ಹೀಗೆ ನಿವಾರಿಸಿಕೊಂಡ ಈ ಪರೀಕ್ಷೆ. ಇದನ್ನು ದೋಷ ಪರಿಶೋಧನೆಯ ಮೊದಲ ಮಾದರಿ ಪಾಠವೆಂದೇ ಕರೆಯಬೇಕು. 1919ರಲ್ಲಿ ಫ್ರಾನ್ಸಿಸ್ ಆಸ್ಟನ್ ತಮ್ಮ ರೋಹಿತಲೇಖಿಯಿಂದ ವಿಷಯವನ್ನು ಖಚಿತಪಡಿಸಿದರು.

ಪಂಪುಗಳ ಕಥೆ ಇದರ ಜೊತೆಜೊತೆಗೇ ಸಾಗಿತು. ಜರ್ಮನಿಯ ವೋಲ್ಫ್‌ಗ್ಯಾಂಗ್ ಗೇಡೆ 1915ರಲ್ಲಿ, ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ 1916ರಲ್ಲಿ ಪಾದರಸದ ಆವಿಯಿಂದ ನಡೆಯುವ ಪಂಪುಗಳನ್ನು ಪ್ರಕಟಿಸಿದರು. 1928ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿ.ಆರ್. ಬರ್ಚ್ ಪಾದರಸದ ಜಾಗಕ್ಕೆ ಎಣ್ಣೆ ತಂದರು. ಆದರೆ ಎಣ್ಣೆಯ ಆವಿ ಹಿಂದಕ್ಕೆ ಹರಿದು ಆಕರದ ಲೋಹದ ಮೇಲೆ ಪೊರೆಗಟ್ಟುತ್ತಿತ್ತು. ಬಿಸಿಯಿರುವಾಗಲೇ ಅಕಸ್ಮಾತ್ತಾಗಿ ಗಾಳಿ ನುಗ್ಗಿದರೆ ಎಣ್ಣೆ ಸುಟ್ಟು ಕೆಡುತ್ತಿತ್ತು. 1958ರಲ್ಲಿ ವಿಲ್ಲಿ ಬೆಕರ್ ಪರಿಚಯಿಸಿದ, ವೇಗವಾಗಿ ತಿರುಗುವ ಅಲಗುಗಳಿಂದ ಅನಿಲವನ್ನು ತಳ್ಳುವ ಟರ್ಬೊ ಪಂಪು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು.

ಆಕರದ ವಿಷಯದಲ್ಲಿ ಷಿಕಾಗೋದ ಆರ್ಥರ್ ಡೆಂಪ್ಸ್ಟರ್ (1918), ಮಿನೆಸೋಟಾದ ವಾಕರ್ ಬ್ಲೀಕ್ನಿ (1929) ಮತ್ತು ಅಲ್ಲಿಯೇ ಕಲಿತ ಆಲ್ಫ್ರೆಡ್ ನಿಯರ್ ಅವರ ಕೆಲಸ ಮುಖ್ಯವಾದದ್ದು. ಕಾದ ಫಿಲಮೆಂಟಿನಿಂದ ಹೊರಟ ಎಲೆಕ್ಟ್ರಾನುಗಳು ಅಣುವಿಗೆ ಬಡಿದು ಅಯಾನು ಮಾಡುವ ವಿನ್ಯಾಸ ಇವರಿಂದ ರೂಪುಗೊಂಡಿತು. ಇಂದಿಗೂ ಎಲೆಕ್ಟ್ರಾನುಗಳಿಗೆ ಸಾಮಾನ್ಯವಾಗಿ ಕೊಡುವ ಶಕ್ತಿ 70 ಎಲೆಕ್ಟ್ರಾನ್ ವೋಲ್ಟ್.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋರಿಕೆಯ ಹುಡುಕಾಟ ಸ್ವತಂತ್ರ ವಿದ್ಯೆಯಾಯಿತು. ಅಮೆರಿಕದ ಓಕ್ ರಿಡ್ಜಿನ ಕೆ-25 ಸ್ಥಾವರದಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಸಾವಿರಾರು ಹಂತಗಳಲ್ಲಿ ಸೋಸಬೇಕಿತ್ತು. ಹೊರಗಿನ ತೇವ ಒಳಸೇರಿದರೆ ಅನಿಲ ಅದರೊಡನೆ ವರ್ತಿಸಿ ಗಷ್ಟು ಕೂರುತ್ತಿತ್ತು. ನಿಯರ್ ಮತ್ತು ಸಂಗಡಿಗರು ರೋಹಿತಮಾಪಕವನ್ನೇ ಸೋರಿಕೆ ಪತ್ತೆಯ ಯಂತ್ರವನ್ನಾಗಿಸಿದರು: ಬೆಸುಗೆಗಳ ಮೇಲೆ ಹೊರಗಿನಿಂದ ಹೀಲಿಯಂ ಊದುವುದು, ಒಳಗೆ 4ರ ಸಂಕೇತ ಏಳುತ್ತದೆಯೇ ನೋಡುವುದು. ಹೀಲಿಯಂ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 5 ಪಾಲು ಮಾತ್ರ ಇರುವುದರಿಂದ, ಸಂಕೇತ ಎದ್ದರೆ ಅನುಮಾನಕ್ಕೆ ಎಡೆಯೇ ಇರಲಿಲ್ಲ.

1950ರ ದಶಕದ ನಡುವಿನಲ್ಲಿ ಡೌ ಕಂಪನಿಯ ರೋಲಂಡ್ ಗೋಲ್ಕೆ ಮತ್ತು ಫ್ರೆಡ್ ಮೆಕ್‌ಲಾಫರ್ಟಿ ಮಿಶ್ರಣದ ಘಟಕಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸುವ ಗ್ಯಾಸ್ ಕ್ರೊಮಾಟೋಗ್ರಾಫನ್ನು ರೋಹಿತಮಾಪಕಕ್ಕೆ ಜೋಡಿಸಿದರು. ಅಲ್ಲಿ ಹೀಲಿಯಮ್ಮೇ ವಾಹಕ ಅನಿಲವಾದ್ದರಿಂದ ಸೋರಿಕೆಯ ಸುಳಿವನ್ನು ಗಾಳಿಯಿಂದಲೇ ಪಡೆಯಬೇಕಾಯಿತು. 28ರ ಪೀಕು 32ರ ಪೀಕಿಗಿಂತ ನಾಲ್ಕು ಪಟ್ಟಿನ ಹತ್ತಿರ ಇದ್ದು, ಜೊತೆಗೆ ಆರ್ಗಾನಿನ 40 ಕಂಡರೆ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ. 18 ಮಾತ್ರ ಎತ್ತರವಾಗಿದ್ದರೆ ಅದು ಗೋಡೆಗಳಿಗೆ ಅಂಟಿದ ನೀರು. ಪಂಪು ಓಡುತ್ತಿದ್ದು ಒಳಭಾಗ ಬಿಸಿಯಾಗಿದ್ದರೆ ತಾನಾಗಿ ಇಳಿಯುತ್ತದೆ. 207 ಮತ್ತು 281 ಕಾಲಮ್ಮಿನ ಅಥವಾ ಸೆಪ್ಟಮ್ಮಿನ (ಸೂಜಿ ಚುಚ್ಚುವ ಬಿಲ್ಲೆಯ) ಸಿಲಿಕೋನಿನವು, 149 ಪ್ಲಾಸ್ಟಿಕ್ಕಿನ ಥ್ಯಾಲೇಟಿನದು. 57, 71, 85 ಎಂದು ಹದಿನಾಲ್ಕರ ಅಂತರದಲ್ಲಿ ಸಾಲುಗಟ್ಟಿದರೆ ಹೈಡ್ರೋಕಾರ್ಬನ್ ಎಣ್ಣೆ ಸೇರಿದೆ. ಗಾಳಿ ಸೋರಿಕೆಯಲ್ಲಿ ಮೊದಲ ಆರೋಪಿ ಹೆಚ್ಚಾಗಿ ಕಾಲಮ್ ಉಪಕರಣದೊಳಗೆ ಹೋಗುವ ಕಡೆಯ ನಟ್ಟು: ಪಾಲಿಇಮೈಡ್ ಬೆರೆತ ಫೆರೂಲ್ (ನಟ್ಟಿನೊಳಗಿನ ಬಿಗಿಯುಂಗುರ) ಕೆಲವು ಸಲ ಕಾದು ಆರಿದ ಮೇಲೆ ಕುಗ್ಗಿ ಸಡಿಲವಾಗುತ್ತದೆ. ಆ ನಟ್ಟಿನ ಸುತ್ತ ಆರ್ಗಾನ್ ಊದಿದಾಗ 40 ಜಿಗಿದರೆ ಜಾಗ ಸಿಕ್ಕಿತೆಂದೇ ತಿಳಿಯಬೇಕು.

ಆಕರ ಕೊಳೆಯಾದದ್ದು ಟ್ಯೂನ್ ವರದಿಯಲ್ಲಿ, ಅಂದರೆ ಉಪಕರಣವನ್ನು ಹೊಂದಿಸುವಾಗ ಸಿಗುವ ವರದಿಯಲ್ಲಿ, ಗೊತ್ತಾಗುತ್ತದೆ. ಪರ್‌ಫ್ಲೋರೋಟ್ರೈಬ್ಯುಟೈಲ್ ಅಮೀನ್ ಎಂಬ ಮಾಪನ ದ್ರವದ 69, 219, 502ರ ಪೀಕುಗಳಲ್ಲಿ ದೊಡ್ಡ ದ್ರವ್ಯರಾಶಿಯದು ಕುಗ್ಗುತ್ತದೆ; ಡಿಟೆಕ್ಟರಿನ ವೋಲ್ಟೇಜು ಸಲಸಲಕ್ಕೂ ಏರುತ್ತದೆ. ಆಗ ಬಿಸಿಭಾಗಗಳನ್ನು ಆರಿಸಿ, ಟರ್ಬೊ ನಿಂತ ಮೇಲೆ ಗಾಳಿ ಬಿಟ್ಟು ಆಕರವನ್ನು ಬಿಚ್ಚುತ್ತಾರೆ. ಲೆನ್ಸುಗಳ ಮೇಲಿನ ಕಂದು ಕಲೆಯನ್ನು ನೀರಿನಲ್ಲಿ ಕಲಸಿದ ನಯವಾದ ಅಲ್ಯೂಮಿನಾ ಪುಡಿಯಿಂದ ಹತ್ತಿಕಡ್ಡಿಯಲ್ಲಿ ಉಜ್ಜಿ ತೆಗೆಯುತ್ತಾರೆ. ಪುಡಿಯ ಕಣವೂ ಉಳಿಯದಂತೆ ತೊಳೆದು, ಮೆಥನಾಲ್, ಅಸಿಟೋನ್, ಹೆಕ್ಸೇನ್‌ಗಳಲ್ಲಿ ಅಲ್ಟ್ರಾಸೋನಿಕ್ ಸ್ನಾನ ಮಾಡಿಸಿ ಒಲೆಯಲ್ಲಿ ಒಣಗಿಸುತ್ತಾರೆ. ಸೆರಾಮಿಕ್ ತುಂಡುಗಳನ್ನು ಉಜ್ಜುವುದಿಲ್ಲ. ಬರಿಗೈ ತಾಗಬಾರದು, ಬೆರಳಿನ ಜಿಡ್ಡು ದಿನಗಟ್ಟಲೆ ರೋಹಿತದಲ್ಲಿ ಕಾಣಿಸುತ್ತದೆ. ಈ ಕೆಲಸವನ್ನು ಅವಸರದಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಲೇಸು.

ಜಾನ್ ಫೆನ್ 1980ರ ದಶಕದಲ್ಲಿ ಬಳಕೆಗೆ ತಂದ, 2002ರ ನೊಬೆಲ್ ಪಡೆದ ಎಲೆಕ್ಟ್ರೋಸ್ಪ್ರೇ ವಿಧಾನದಲ್ಲಿ ಅಯಾನುಗಳು ವಾತಾವರಣದ ಒತ್ತಡದಲ್ಲೇ ಹುಟ್ಟುತ್ತವೆ. ಇದರಿಂದ ಕೊಳೆಯ ಬಹುಪಾಲು ಒಳದಾರಿಯ ಹೊರಗಿನ ಶಂಕುವಿನಲ್ಲೇ (ಕೋನ್) ನಿಂತು, ಹಲವು ಮಾದರಿಗಳಲ್ಲಿ ನಿರ್ವಾತ ಮುರಿಯದೆ ಅದನ್ನು ಒರೆಸಲು ಸಾಧ್ಯವಾಯಿತು. ಹೊರೆ ಬಿದ್ದದ್ದು ಟರ್ಬೊ ಪಂಪಿನ ಹಿಂದೆ ಕೆಲಸ ಮಾಡುವ ರೋಟರಿ ಪಂಪಿನ ಮೇಲೆ: ಸದಾ ಒಳಬರುವ ಮೆಥನಾಲ್ ಮತ್ತು ನೀರಿನ ಆವಿ ಎಣ್ಣೆಯಲ್ಲಿ ಸೇರುತ್ತದೆ. ಗೇಡೆ 1935ರಲ್ಲಿ ರೂಪಿಸಿದ ಗ್ಯಾಸ್ ಬ್ಯಾಲಸ್ಟ್ ಕವಾಟವನ್ನು ಆಗಾಗ ತೆರೆದು ಆ ಆವಿಯನ್ನು ಹೊರದೂಡುತ್ತಾರೆ, ಎಣ್ಣೆ ಕಂದಿದರೆ ಬದಲಿಸುತ್ತಾರೆ. ಎಣ್ಣೆಯಿಲ್ಲದ ಸ್ಕ್ರೋಲ್ ಪಂಪುಗಳು ಅನೇಕ ಕಡೆ ಈ ಜಾಗಕ್ಕೆ ಬಂದಿವೆ. ಅವುಗಳಲ್ಲಿ ಸವೆಯುವ ಸೀಲುಗಳನ್ನು ಕಾಲಕಾಲಕ್ಕೆ ಬದಲಾಯಿಸಬೇಕಾಗುತ್ತದೆ.