ಪದ ಪರಿಚಯ: ಕಸರತ್ತು

ಕಸರತ್ತು

ಸಂಪುಟ ವಿಸ್ತರಣೆ ಹತ್ತಿರ ಬಂದರೆ ಪತ್ರಿಕೆಗಳ ತುಂಬ ಈ ಪದ. ‘ಖಾತೆಗಾಗಿ ಕಸರತ್ತು’ ಎಂಬಂಥ ತಲೆಬರಹಗಳ ನಡುವೆ ಅದರ ಮೈ ಬೆವರಿನ ಅರ್ಥ ಹಿಂದೆ ಸರಿದಿರುವುದು ಬೇಸರದ ಸಂಗತಿ.

ಮೂಲ ಅರಬ್ಬಿ. ಅಲ್ಲಿ ಇದರ ಅರ್ಥ ಹೆಚ್ಚಳ, ಬಾಹುಳ್ಯ. ಪಾರಸಿಯಲ್ಲಿ ‘ಕಸ್ರತ್’ ಆಯಿತು. ಉರ್ದು, ಹಿಂದಿ, ಮರಾಠಿಗಳಲ್ಲಿ ವ್ಯಾಯಾಮದ ಅರ್ಥ ಪಡೆಯಿತು. ಹಿಂದಿಯ ‘ಅಕ್ಸರ್’ (ಮೇಲಿಂದ ಮೇಲೆ) ಇದೇ ಧಾತುವಿನದು. ಗರಡಿಯಲ್ಲಿ ನೂರುಗಟ್ಟಲೆ ಹೊಡೆಯುವ ದಂಡ, ಬಸ್ಕಿಗಳಿಗೆ ಹೇಳಿ ಮಾಡಿಸಿದ ಹೆಸರು. ದೊಂಬರು ಹಗ್ಗದ ಮೇಲೆ ತೋರಿಸುವ ಚಮತ್ಕಾರಕ್ಕೂ ಇದೇ ಮಾತು. ರಾಜಕಾರಣಕ್ಕೆ ಹಾರಿದ್ದು ಬಹುಶಃ ಅಲ್ಲಿಂದ.

ಪವರ್‌ಲಿಫ್ಟರ್‌ಗಳು ಮಾಡುವುದನ್ನೂ ಕಸರತ್ತು ಎನ್ನುತ್ತೇವೆ. ಆದರೆ ಅವರ ದಾರಿ ಬೇರೆ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್: ಸ್ಪರ್ಧೆಯಲ್ಲಿ ಒಂದೊಂದಕ್ಕೂ ಮೂರೇ ಅವಕಾಶ. ಡೆಡ್‌ಲಿಫ್ಟಿನಲ್ಲಿ ನೆಲದ ಮೇಲಿನ ಬಾರನ್ನು ಎತ್ತಿ, ಮಂಡಿ, ಸೊಂಟ ನೆಟ್ಟಗಾಗಿಸಿ, ಭುಜ ಹಿಂದಕ್ಕೆ ತಂದು ನಿಂತರಾಯಿತು. ತರಬೇತಿಯಲ್ಲೂ ಭಾರ ಏರಿದಂತೆ ಎತ್ತುವ ಸಲ ಇಳಿಯುತ್ತದೆ. ಬಲ ಕೂಡುತ್ತದೆ, ದಮ್ಮು ಅಷ್ಟು ಬೆಳೆಯದು. ದಣಿದ ಬೆನ್ನು ಸುಧಾರಿಸಿಕೊಳ್ಳಲು ದಿನಗಳು ಬೇಕು. ಸ್ಟ್ರಾಂಗ್‌ಮ್ಯಾನ್ ಸ್ಪರ್ಧಿ ಎಡ್ಡಿ ಹಾಲ್ 2016ರಲ್ಲಿ ಲೀಡ್ಸ್‌ನಲ್ಲಿ 500 ಕೆ.ಜಿ. ಎತ್ತಿದ ಮೇಲೆ ಮೂಗಿನಿಂದ ರಕ್ತ ಸುರಿದು ಕುಸಿದರು.

ಇಂಥ ಒಂದೇ ಎತ್ತಿನ ಬಲಕ್ಕೆ ನಮ್ಮಲ್ಲಿ ‘ಕಸುವು’ ಇದೆ. ಸದ್ದು ಹತ್ತಿರವಾದರೂ ಅದು ಕಸರತ್ತಿನ ನೆಂಟನಲ್ಲ, ಅಚ್ಚಗನ್ನಡ ಪದ.