ಸಿಪಾಯಿಯ ಕೋವಿಗೆ ಗುರಿಗಾರನ ಕಣ್ಣು

ಬಡಗಿಯು ಹಲಗೆಯ ಅಂಚು ನೆಟ್ಟಗಿದೆಯೇ ಎಂದು ಪರೀಕ್ಷಿಸುವಾಗ ಒಂದು ಕಣ್ಣನ್ನು ಮುಚ್ಚಿ, ಇನ್ನೊಂದನ್ನು ಹಲಗೆಯ ತುದಿಗೆ ತಂದು ಉದ್ದಕ್ಕೂ ದೃಷ್ಟಿ ಹಾಯಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೋವಿಯಿಂದ ಗುರಿಯಿಡುವ ವಿದ್ಯೆಯ ಮೂಲತತ್ತ್ವವೂ ಇಷ್ಟೇ. ಹಿಂಬದಿಯಲ್ಲೊಂದು ಗುರುತು, ನಳಿಗೆಯ ಮುಂತುದಿಯಲ್ಲೊಂದು ಮೊನೆ. ಇವೆರಡೂ ಗುರಿಯೊಡನೆ ಒಂದೇ ರೇಖೆಗೆ ಬರಬೇಕು. ಸಿಪಾಯಿಗಳು ಈ ಗುರುತುಗಳನ್ನು ‘ಸೈಟು’ ಎಂದು ಕರೆಯುತ್ತಾರೆ. ಯುದ್ಧಕ್ಕೆಂದು ನಿರ್ಮಿತವಾದ ಲೀ-ಎನ್‌ಫೀಲ್ಡ್ ರೈಫಲಿಗೆ ಪಂದ್ಯದ ಗುರಿಗಾರರು ಹೊಸ ಸೈಟನ್ನು ಜೋಡಿಸಿದ ವೃತ್ತಾಂತವನ್ನು ಈ ದಿನ ಶ್ರೋತೃಗಳ ಮುಂದಿಡುತ್ತೇನೆ.

ಫ್ರೆಂಚರು ದಂಡೆತ್ತಿ ಬಂದಾರೆಂಬ ಭೀತಿಯು ಇಂಗ್ಲೆಂಡನ್ನು ಆವರಿಸಿದ್ದ ಕಾಲದಲ್ಲಿ, 1859ರಲ್ಲಿ, ಅಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಸ್ಥಾಪಿತವಾಯಿತು. ಮರುವರ್ಷ ಜುಲೈ 2ನೆಯ ತಾರೀಖು ವಿಂಬಲ್ಡನ್ ಬಯಲಿನಲ್ಲಿ ಅದರ ಪ್ರಥಮ ಪಂದ್ಯಗಳು ಆರಂಭವಾದುವು. ಮೊದಲ ಗುಂಡನ್ನು ಹಾರಿಸಿದವರು ವಿಕ್ಟೋರಿಯಾ ರಾಣಿಯವರು. ವಿಟ್‌ವರ್ತ್ ರೈಫಲೊಂದನ್ನು ಲೋಹದ ಪೀಠದ ಮೇಲೆ ಭದ್ರವಾಗಿ ಬಂಧಿಸಿ, 400 ಗಜ ದೂರದ ಗುರಿಗೆ ಮೊದಲೇ ಹೂಡಿಟ್ಟಿದ್ದರು. ರಾಣಿಯವರು ರೇಷ್ಮೆಯ ದಾರವನ್ನು ಎಳೆದರು. ಗುಂಡು ಗುರಿಯ ನಡುವಿನಿಂದ ಒಂದೂಕಾಲು ಅಂಗುಲದಷ್ಟು ಮಾತ್ರ ಆಚೆಗೆ ತಾಗಿತು. ಹೂಡಿದ ಗುರಿ ಕದಲದಿದ್ದರೆ ಕೋವಿ ಎಷ್ಟು ಸತ್ಯವಾಗಿ ನಡೆಯಬಲ್ಲುದೆಂಬುದು ಅಂದು ಎಲ್ಲರಿಗೂ ಪ್ರತ್ಯಕ್ಷವಾಯಿತು. 1890ರಲ್ಲಿ ಈ ಪಂದ್ಯಗಳು ಬಿಸ್ಲಿಗೆ ವರ್ಗವಾದುವು. ಇಂದಿಗೂ ಅಲ್ಲಿಯೇ ನಡೆಯುತ್ತಿವೆ.

ಆದರೆ ಪಂದ್ಯದ ಬಯಲಿನಲ್ಲಿ ಕಲಿತುದು ರಣರಂಗವನ್ನು ಮುಟ್ಟುವುದು ತಡವಾಯಿತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ, ಹೊಸದಾಗಿ ಕಳುಹಿಸಿದ ಲೀ-ಎನ್‌ಫೀಲ್ಡ್‌ಗಳಲ್ಲಿ ಅನೇಕವು 500 ಗಜದಲ್ಲಿ ಸುಮಾರು 18 ಅಂಗುಲ ಬಲಕ್ಕೆ ಹೊಡೆಯುತ್ತಿದ್ದುದು ಬಯಲಾಯಿತು. 18 ಅಂಗುಲವೆಂದರೆ ನಿಂತ ಮನುಷ್ಯನ ಮೈಯನ್ನು ತಪ್ಪಿ ಹೋಗುವಷ್ಟು ಅಂತರ. ಅಷ್ಟು ತಪ್ಪಿಗೆ ಸೈಟು ಪಕ್ಕಕ್ಕೆ ಎಷ್ಟು ಸರಿದಿದ್ದರೆ ಸಾಕು? ಅಂಗುಲದ ಸುಮಾರು ಐವತ್ತನೆಯ ಒಂದು ಪಾಲು! ಸಿಪಾಯಿಯ ಧೈರ್ಯವೂ ಅಭ್ಯಾಸವೂ ಇಷ್ಟು ಸಣ್ಣ ಲೋಪದಿಂದ ವ್ಯರ್ಥವಾಗಬಹುದು.

ಈ ಗಣಿತವನ್ನು ಸ್ವಲ್ಪ ವಿಚಾರಮಾಡೋಣ. 1907ರ ಮೂರನೆಯ ಮಾದರಿಯ ಗಿಡ್ಡ ಲೀ-ಎನ್‌ಫೀಲ್ಡ್‌ನಲ್ಲಿ ಹಿಂದಿನ ಸೈಟು ನಳಿಗೆಯ ಮೇಲೆಯೇ, ಕಣ್ಣಿಗೆ ದೂರವಾಗಿ ಕುಳಿತಿದೆ. ಅದು ಒಂದು ತೆರೆದ ಕಚ್ಚು. ಅದಕ್ಕೂ ಮುಂದಿನ ಮೊನೆಗೂ ನಡುವೆ ಸುಮಾರು 19½ ಅಂಗುಲ. 100 ಗಜವೆಂದರೆ 3600 ಅಂಗುಲ. ಆದುದರಿಂದ ಸೈಟಿನಲ್ಲಾದ ತಪ್ಪು ಗುರಿಯನ್ನು ಮುಟ್ಟುವ ಹೊತ್ತಿಗೆ ಸುಮಾರು 185 ಪಾಲು ಬೆಳೆಯುತ್ತದೆ. ಹಿಂದಿನ ಸೈಟನ್ನು ಕಣ್ಣಿನ ಸಮೀಪಕ್ಕೆ ಸರಿಸಿ ಅಂತರವನ್ನು 30 ಅಂಗುಲ ಮಾಡಿದರೆ ಅದೇ ತಪ್ಪು 120 ಪಾಲು ಮಾತ್ರ ಬೆಳೆಯುತ್ತದೆ. ಕೋವಿ ಅದೇ, ಗುಂಡು ಅದೇ. ತಪ್ಪು ಮಾತ್ರ ಮೂರನೆಯ ಒಂದು ಭಾಗ ಕುಗ್ಗಿತು.

ಕಣ್ಣಿನ ಕಷ್ಟ ಇನ್ನೊಂದು. ತೆರೆದ ಕಚ್ಚು, ಮೊನೆ, ಗುರಿ ಎಂಬ ಮೂರೂ ಮೂರು ದೂರದಲ್ಲಿರುವ ವಸ್ತುಗಳು. ಮನುಷ್ಯನ ಕಣ್ಣು ಒಂದೇ ಕ್ಷಣದಲ್ಲಿ ಮೂರನ್ನೂ ಸ್ಪಷ್ಟವಾಗಿ ಕಾಣಲಾರದು. ನಲವತ್ತು ದಾಟಿದವರಿಗಂತೂ ಕಚ್ಚು ಮಂಜಿನಂತೆ ಮಸಕಾಗುತ್ತದೆ. ಅದಕ್ಕೆ ಬದಲಾಗಿ ಕಣ್ಣಿನ ಹತ್ತಿರ ಒಂದು ಸಣ್ಣ ರಂಧ್ರವುಳ್ಳ ಬಿಲ್ಲೆಯನ್ನಿಟ್ಟರೆ, ಕಣ್ಣು ಆ ರಂಧ್ರವನ್ನು ನೋಡಬೇಕಾದುದೇ ಇಲ್ಲ. ಅದರ ಮೂಲಕ ನೋಡಿದರಾಯಿತು. ದೃಷ್ಟಿಯು ತಾನಾಗಿಯೇ ರಂಧ್ರದ ನಡುವನ್ನು ಹುಡುಕಿಕೊಳ್ಳುತ್ತದೆ. ಬೆಳಕಿನ ದಾರಿ ಕಿರಿದಾದುದರಿಂದ ಮೊನೆಯೂ ಗುರಿಯೂ ಒಟ್ಟಿಗೆ ತಿಳಿಯಾಗಿ ಕಾಣುತ್ತವೆ.

ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಪಾರ್ಕರ್-ಹೇಲ್ ಮೊದಲಾದ ಕಾರ್ಖಾನೆಗಳು ಇಂಥ ರಂಧ್ರದ ಸೈಟುಗಳನ್ನು ಲೀ-ಎನ್‌ಫೀಲ್ಡ್‌ಗೆ ಒಪ್ಪುವಂತೆ ತಯಾರಿಸಿದುವು. ಸೈಟನ್ನು ಮೇಲಕ್ಕೂ ಪಕ್ಕಕ್ಕೂ ಸರಿಸಲು ತಿರುಪುಗಳುಂಟು. ತಿರುಗಿಸಿದಾಗ ‘ಟಿಕ್’ ಎಂಬ ಶಬ್ದದೊಡನೆ ಒಂದೊಂದು ಹೆಜ್ಜೆ ಸರಿಯುತ್ತದೆ. ಅಳತೆಯ ಮಾನ ‘ಮಿನಿಟು’, ಅಂದರೆ ಒಂದು ಡಿಗ್ರಿಯ ಅರುವತ್ತನೆಯ ಪಾಲು. ಇದು 100 ಗಜದಲ್ಲಿ ಒಂದಂಗುಲಕ್ಕೆ ತುಸು ಹೆಚ್ಚು. 1000 ಗಜದಲ್ಲಿ ಹತ್ತಂಗುಲಕ್ಕೆ ತುಸು ಹೆಚ್ಚು. ಕೋವಿಗೆ ಸೈಟನ್ನು ಬಿಗಿದಮೇಲೆ 100 ಗಜದಲ್ಲಿ ಐದು ಗುಂಡು ಹಾರಿಸಬೇಕು. ಒಂದೇ ಗುಂಡನ್ನು ನಂಬಬಾರದು. ಐದರ ಗುಂಪಿನ ನಡುವನ್ನು ನೋಡಬೇಕು. ಗುಂಪು ಮೂರಂಗುಲ ಎಡಕ್ಕೆ ಬಿದ್ದಿದ್ದರೆ ಹಿಂದಿನ ಸೈಟನ್ನು ಮೂರು ಮಿನಿಟು ಬಲಕ್ಕೆ ಸರಿಸಬೇಕು. ಹೆಜ್ಜೆಯೊಂದು ಕಾಲು ಮಿನಿಟಾದರೆ ಹನ್ನೆರಡು ಟಿಕ್. ಹಿಂದಿನ ಸೈಟು ಯಾವ ಕಡೆಗೆ ಸರಿಯುವುದೋ ಗುಂಡೂ ಆ ಕಡೆಗೇ ಸರಿಯುವುದೆಂಬುದನ್ನು ಮರೆಯಬಾರದು. ಗುಂಪೇ ಚದರಿದ್ದರೆ ಸೈಟನ್ನು ದೂರಿ ಫಲವಿಲ್ಲ. ಮರದ ಹಿಡಿಕೆಯಲ್ಲಿ ನಳಿಗೆಯು ಸಡಿಲವಾಗಿ ಕುಳಿತಿದೆಯೇ ಎಂದು ಮೊದಲು ನೋಡಬೇಕು. ಅಡಿಪಾಯ ಅಲುಗುವ ಮನೆಗೆ ಗೋಡೆ ನೆಟ್ಟಗೆ ಕಟ್ಟಿ ಏನು ಪ್ರಯೋಜನ?

ಸೇನಾಧಿಕಾರಿಗಳ ಆಕ್ಷೇಪಣೆಯೂ ನಿರಾಧಾರವಾದುದಲ್ಲ. ಕೆಸರಿನಲ್ಲಿ ತೆವಳುವವನಿಗೆ ಸೂಕ್ಷ್ಮವಾದ ತಿರುಪುಗಳು ಹೊರೆ. ರಂಧ್ರಕ್ಕೆ ಮಣ್ಣು ತುಂಬುವುದು. ಮಸುಕು ಬೆಳಕಿನಲ್ಲಿ ಕಣ್ಣು ಕತ್ತಲಾಗುವುದು. ಮೊದಲನೆಯ ಮಹಾಯುದ್ಧದ ಅವಸರದಲ್ಲಿ, 1916ರ ಸುಮಾರಿಗೆ, ಇದ್ದ ಪಕ್ಕದ ತಿರುಪನ್ನು ಕೂಡ ಕೈಬಿಟ್ಟು ಅಗ್ಗವಾದ ಮಾದರಿಯನ್ನು ಮಾಡಿದರು. ಆದರೆ ಅದೇ ಯುದ್ಧದಲ್ಲಿ ಅಮೆರಿಕದಲ್ಲಿ ತಯಾರಾದ 1914ರ ಮಾದರಿಯ ರೈಫಲಿಗೆ ಕಣ್ಣಿನ ಸಮೀಪದಲ್ಲಿ ರಂಧ್ರದ ಸೈಟಿತ್ತು. ಮರೆಯಿಂದ ಹೊಡೆಯುವ ಗುರಿಗಾರರು ಅದನ್ನು ಮೆಚ್ಚಿದರು. ಕಡೆಗೆ 1939ರಲ್ಲಿ ಅಂಗೀಕೃತವಾದ ನಾಲ್ಕನೆಯ ಸಂಖ್ಯೆಯ ಲೀ-ಎನ್‌ಫೀಲ್ಡ್‌ನಲ್ಲಿ ವಿವಾದವು ಸಮನ್ವಯಗೊಂಡಿತು: ಅವಸರಕ್ಕೆ 300 ಗಜದ ದೊಡ್ಡ ರಂಧ್ರ, ಸಾವಧಾನಕ್ಕೆ 200ರಿಂದ 1300 ಗಜದವರೆಗೆ ಸರಿಸಬಲ್ಲ ಸಣ್ಣ ರಂಧ್ರ. ಆಟದ ಬಯಲಿನವರು ಬಹುಕಾಲದಿಂದ ಹೇಳುತ್ತಿದ್ದ ಮಾತಿಗೆ ಸಿಪಾಯಿಯ ಕೋವಿಯಲ್ಲಿ ಸ್ಥಾನ ದೊರೆಯಿತು.

ನಮ್ಮ ದೇಶಕ್ಕೂ ಈ ಕೋವಿ ಅಪರಿಚಿತವಲ್ಲ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಇದು ತಯಾರಾಯಿತು. ‘ತ್ರೀ ನಾಟ್ ತ್ರೀ’ ಎಂಬ ಹೆಸರಿನಿಂದ ಪೋಲೀಸು ಠಾಣೆಗಳಲ್ಲಿ ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಸೇವೆ ಸಲ್ಲಿಸಿತು. ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೆ ಮೊನೆಯನ್ನೂ ಗುರಿಯನ್ನೂ ಕೂಡಿಸುವ ಕಷ್ಟವನ್ನು ಹೇಳಿಕೊಡಬೇಕಾದುದಿಲ್ಲ.

ಇಂದು ಇಂಥ ಹಳೆಯ ರೈಫಲಿಗೆ ಪಂದ್ಯದ ಸೈಟನ್ನು ಜೋಡಿಸುವವನ ಮೇಲೆ ಒಂದು ಹೊಣೆಯುಂಟು. ಆ ಕೋವಿಯ ಮೇಲಿನ ಮುದ್ರೆಗಳು, ಸವೆತ, ಗಾಯಗಳು ಎಲ್ಲವೂ ಚರಿತ್ರೆಯ ಬರಹಗಳು. ಹೊಸ ತೂತನ್ನು ಕೊರೆದವನು ಆ ಬರಹವನ್ನು ಅಳಿಸಿದಂತೆಯೇ. ಇರುವ ತಿರುಪಿನ ತಾಣಗಳಲ್ಲಿಯೇ ಕೂರುವ ಸೈಟನ್ನು ಆರಿಸಿ, ಕಳಚಿದ ಮೂಲಭಾಗಗಳನ್ನು ಜೋಪಾನವಾಗಿ ಇರಿಸಿಕೊಂಡರೆ, ಮುಂದಿನವರು ಅದನ್ನು ಮತ್ತೆ ಮೊದಲಿನಂತೆಯೇ ಕಾಣಬಹುದು. ಕಣ್ಣನ್ನು ತಿದ್ದಬೇಕು, ನಿಜ. ಆದರೆ ಮುಖ ಕೆಡಬಾರದು.