ಹೇರೆತ್ತಿನ ಜನ, ಹುಟ್ಟಿನ ಆರೋಪ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿದರೆ ಕಮಲಾಪುರ. ಹೊರಗಿನವರಿಗೆ ಇದು ಕೆಂಪು ಬಾಳೆಯ ಊರು. ತೊಗರಿ ಹೊಲಗಳ ಆಚೆ, ಊರಿನಿಂದ ತುಸು ದೂರಕ್ಕೆ, ಲಂಬಾಣಿ ತಾಂಡಾಗಳಿವೆ. ಊರಿಗೆ ಗೌಡನಿದ್ದ ಹಾಗೆ ತಾಂಡಾಕ್ಕೆ ನಾಯಕ, ಅವನ ಕೈಕೆಳಗೆ ಕಾರಭಾರಿ. ಜಗಳ ಬಂದರೆ ಮೊದಲ ನ್ಯಾಯ ಅವರ ಮುಂದೆ.

ಈ ತಾಂಡಾಗಳ ಬಗ್ಗೆ ಊರವರ ಬಾಯಲ್ಲಿ ಸಿದ್ಧ ಮಾತುಗಳು ಬಹಳ. ಭಟ್ಟಿ ಇಳಿಸುವವರು, ಕಳವಿಗೆ ಹೇಸದವರು, ಒಂದು ಕಡೆ ನಿಲ್ಲದವರು. ಎಲ್ಲೋ ಒಂದು ಎತ್ತು ಕಳೆದರೆ ಮೊದಲು ನೋಡುವುದು ತಾಂಡಾದ ಕಡೆಗೆ. ಈ ಅನುಮಾನ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಲಂಬಾಣಿಗರ ನಡತೆಯಲ್ಲಿ ಉತ್ತರ ಸಿಗುವುದಿಲ್ಲ. ಅದು ಸಿಗುವುದು ರೈಲಿನ ಚರಿತ್ರೆಯಲ್ಲಿ ಮತ್ತು ಒಂದು ಕಾನೂನಿನಲ್ಲಿ.

ರೈಲು ಬರುವ ಮೊದಲು ದಖ್ಖನ್ ಉಂಡದ್ದು ಇವರ ಎತ್ತುಗಳ ಬೆನ್ನ ಮೇಲೆ ಬಂದ ಧಾನ್ಯವನ್ನು. ಉಪ್ಪು, ಅಕ್ಕಿ, ಜೋಳ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ಒಳನಾಡಿನಿಂದ ದಂಡಿನ ಬಿಡಾರಕ್ಕೆ ನಡೆದವರು ಬಂಜಾರರು, ಅಂದರೆ ಇದೇ ಲಂಬಾಣಿಗರು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರದ ದಾರಿಯಲ್ಲಿ ಕಂಡ ಒಂದೇ ತಾಂಡಾದಲ್ಲಿ (ಆಗ ಅದು ನಡೆಯುವ ಬಿಡಾರ), ಅವನ ಅಂದಾಜಿನಂತೆ, 14,000 ಎತ್ತುಗಳಿದ್ದವು. ಇಕ್ಕಟ್ಟಿನ ದಾರಿಯಲ್ಲಿ ಇಂಥ ಸಾಲು ಎದುರಾದರೆ ಅದು ದಾಟಿ ಹೋಗಲು ಎರಡು ಮೂರು ದಿನ ಕಾಯಬೇಕಾಗುತ್ತಿತ್ತು ಎಂದು ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಬರೆದಿದ್ದಾನೆ. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಅವನ ಸೇನೆಗೆ ಕಾಳು ಮುಟ್ಟಿಸಿದವರೂ ಇವರೇ. ಸಾವಿರಾರು ಮೂಟೆ ಪರರ ಸರಕನ್ನು ನಂಬಿಕೆಯ ಮೇಲೆ ಹೊತ್ತ ಜನ ಹುಟ್ಟುಗಳ್ಳರಾಗಿದ್ದರೆ ಆ ವ್ಯಾಪಾರ ಒಂದು ವರ್ಷವೂ ನಡೆಯುತ್ತಿರಲಿಲ್ಲ.

1871ರಲ್ಲಿ ಎರಡು ಘಟನೆ ನಡೆದವು. ಸೋಲಾಪುರದ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲುಮಾರ್ಗ ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವ್ಯಾಗನ್ನು ಓಡುವ ಕಡೆ ಹೇರೆತ್ತಿಗೆ ಏನು ಕೆಲಸ? ಅದೇ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ತಲೆತಲಾಂತರದಿಂದ ಅಲೆಯುತ್ತಿದ್ದ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿ, ಹೆಸರು ನೋಂದಾಯಿಸಿ, ಹಾಜರಿ ಹಾಕಿಸಿ, ಪಾಸಿಲ್ಲದೆ ಊರು ಬಿಡದಂತೆ ಕಟ್ಟುವ ಕಾಯ್ದೆ ಅದು. ಮೊದಲು ಉತ್ತರ ಭಾರತಕ್ಕಿದ್ದ ಅದು 1911ರಲ್ಲಿ ಮದ್ರಾಸಿಗೂ ವಿಸ್ತರಿಸಿತು. ಕಲಬುರಗಿ ಆಗ ನಿಜಾಮನ ಸೀಮೆ, ಅಲ್ಲಿನ ಆಡಳಿತವೇ ಬೇರೆ. ಆದರೆ ಅನುಮಾನಕ್ಕೆ ಗಡಿ ಎಲ್ಲಿ? ಸಾಗಣೆಯೇ ಕಸುಬಾಗಿದ್ದವರ ಕೈಯಿಂದ ಸಾಗಣೆಯನ್ನು ಕಿತ್ತುಕೊಂಡ ಮೇಲೆ, ಬರಿಗೈಯಲ್ಲಿ ಅಲೆಯುವುದೇ ಅಪರಾಧವಾಯಿತು. ಇದು ಘೋರ ಅನ್ಯಾಯ.

ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆದರೆ ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕವೂ 1961ರಲ್ಲಿ ತಂದಿತು.

ಕಳ್ಳರೆಂಬ ಅಚ್ಚಿನ ಜೊತೆಗೆ ಉಡುಗೆಯ ಅಚ್ಚೂ ಒಂದಿದೆ. ಕನ್ನಡಿ ಚೂರು, ಕವಡೆ ಹೊಲಿದ ಕಾಂಚಳಿ (ರವಿಕೆ), ಗೇರುಗೇರಾದ ಫೇಟಿಯಾ (ಲಂಗ), ಮೊಳಕೈ ಮೇಲಿನವರೆಗೂ ಬಳೆ: ಕಲಬುರಗಿಯ ಸೂಪರ್ ಮಾರ್ಕೆಟ್ಟಿಗೆ ಸಂತೆಗೆ ಬರುವ ಹಿರಿಯ ಹೆಣ್ಣುಮಕ್ಕಳಲ್ಲಿ ಈ ಉಡುಗೆ ಇನ್ನೂ ಉಂಟು. ಅವರ ಮೊಮ್ಮಕ್ಕಳು ಹೆಚ್ಚಾಗಿ ಸೀರೆ, ಚೂಡಿದಾರದವರು. ಸರ್ಕಾರಿ ಮೆರವಣಿಗೆಗೆ, ಪ್ರವಾಸೋದ್ಯಮದ ಫಲಕಕ್ಕೆ ಮಾತ್ರ ಈ ಉಡುಗೆಯ ಕುಣಿತವೇ ಬೇಕು. ಮೆಚ್ಚುಗೆಯ ಮಾತಾದರೂ ಅದೂ ಒಂದು ಅಚ್ಚೇ. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಹೆಣ್ಣುಮಗಳ ಚಿತ್ರ ಯಾವ ಫಲಕದಲ್ಲೂ ಇಲ್ಲ.

ಕಮಲಾಪುರ ಮೀಸಲು ಕ್ಷೇತ್ರವಾಗಿದ್ದಾಗ ಅಲ್ಲಿಂದ ಲಂಬಾಣಿ ಸಮುದಾಯದ ರೇವು ನಾಯಕ ಬೆಳಮಗಿ ವಿಧಾನಸಭೆಗೆ ಗೆದ್ದು ಹೋದರು. 2019ರಲ್ಲಿ ಅದೇ ಸಮುದಾಯದ ಉಮೇಶ ಜಾಧವ ಕಲಬುರಗಿಯ ಸಂಸದರಾದರು. ಆಗಲೂ ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ, ಕಟ್ಟಿಕೊಂಡ ಮನೆಗೆ ಕಾಗದವಿರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಹಂಚಿದರು. ಕಲಬುರಗಿಯೂ ಸೇರಿ ಐದು ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಆ ಹೊತ್ತಿಗೆ ಕಂದಾಯ ಗ್ರಾಮಗಳಾಗಿದ್ದವು.

ಮರುವರ್ಷ, 2024ರ ಅಕ್ಟೋಬರ್ 3ರಂದು, ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿನ ಜಾತಿ ತಾರತಮ್ಯವನ್ನು ತಳ್ಳಿಹಾಕಿತು. ಅಲೆಮಾರಿ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳೂ ಅದರಲ್ಲಿ ಬಿದ್ದವು. ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಗಿ ಆಗಲೇ 72 ವರ್ಷ ಕಳೆದಿತ್ತು.